ಸರಕಾರಿ ಬಂಡಿಗಳ ಇಂಧನ: ಹಚ್ಚೊಳ್ಳಿಯ ಪಾಲೆಷ್ಟು?

ಸರಕಾರದವರು ತಮ್ಮ ಮೋಟಾರು ಬಂಡಿಗಳಿಗೆ ಯಾವ ಇಂಧನವನ್ನು ತುಂಬಿಸುತ್ತಾರೆಂಬುದು ಮೇಲ್ನೋಟಕ್ಕೆ ಡಿಪೋದ ಮೇಸ್ತ್ರಿಗೂ ಲೆಕ್ಕಪತ್ರದ ಗುಮಾಸ್ತರಿಗೂ ಮಾತ್ರ ಸಂಬಂಧಿಸಿದ ವಿಷಯವೆಂದು ತೋರಬಹುದು. ಊರಿಗೆ ಬಸ್ಸು ಹೊತ್ತಿಗೆ ಸರಿಯಾಗಿ ಬಂದರಾಯಿತು, ಅದು ಯಾವುದನ್ನು ಕುಡಿದು ಬಂದರೇನು ಎಂದು ನಮ್ಮ ಓದುಗರಲ್ಲಿ ಕೆಲವರು ಕೇಳಿಯಾರು. ಆದರೆ ಈ ಪ್ರಶ್ನೆಯು ಮೇಸ್ತ್ರಿಯ ಕೊಟ್ಟಿಗೆಯಲ್ಲಿ ಮುಗಿಯತಕ್ಕದ್ದಲ್ಲ. ನಮ್ಮ ದೇಶವು ಬಳಸುವ ಕಚ್ಚಾ ತೈಲದಲ್ಲಿ ನೂರಕ್ಕೆ ಎಂಬತ್ತೈದಕ್ಕೂ ಮಿಕ್ಕ ಪಾಲು ಹೊರದೇಶಗಳಿಂದ ಬರುತ್ತಲಿದೆ. ಕರ್ನಾಟಕದ ನಾಲ್ಕು ರಸ್ತೆ ಸಾರಿಗೆ ನಿಗಮಗಳು ಒಟ್ಟು ಇಪ್ಪತ್ತು ಸಾವಿರಕ್ಕೂ ಹೆಚ್ಚು ಬಸ್ಸುಗಳನ್ನು ಓಡಿಸುತ್ತವೆ. ಇವಲ್ಲದೆ ತಹಶೀಲದಾರರ ಜೀಪು, ಆರೋಗ್ಯ ಇಲಾಖೆಯ ವಾಹನ, ಪೊಲೀಸು ಬಂಡಿ, ಪುರಸಭೆಯ ಕಸದ ಗಾಡಿ ಇವುಗಳ ಲೆಕ್ಕವೇ ಬೇರೆ. ಇವೆಲ್ಲವೂ ಪ್ರತಿದಿನವೂ ಕುಡಿಯುವ ಎಣ್ಣೆಯ ಬೆಲೆಯನ್ನು ತೆರುವವರು ನಾವು; ಅವು ಬಿಡುವ ಹೊಗೆಯನ್ನು ಸೇವಿಸುವವರೂ ನಾವೇ. ಹೀಗಿರಲು ಈ ಮಾತನ್ನು ಮಹಾಜನರು ಚರ್ಚಿಸುವುದು ಉಚಿತವೆಂದು ಮಾತ್ರವಲ್ಲ, ಆವಶ್ಯಕವೆಂದೂ ನಾವು ಭಾವಿಸುತ್ತೇವೆ.

ಈಗ ಈ ಮಾತೆತ್ತುವುದಕ್ಕೆ ಒಂದು ಪ್ರಕೃತ ಕಾರಣವೂ ಉಂಟು. ಹದಿನೈದು ವರುಷ ತುಂಬಿದ ಸರಕಾರಿ ವಾಹನಗಳ ನೋಂದಣಿಯನ್ನು ೨೦೨೩ನೆಯ ಏಪ್ರಿಲ್ ೧ರಿಂದ ಮುಂದುವರಿಸಕೂಡದೆಂದು ಕೇಂದ್ರ ಸರಕಾರವು ನಿಯಮ ಮಾಡಿತು. ದೇಶರಕ್ಷಣೆ ಮತ್ತು ಶಾಂತಿಪಾಲನೆಯ ವಿಶೇಷ ವಾಹನಗಳನ್ನು ಬಿಟ್ಟು ಉಳಿದ ಎಲ್ಲ ಇಲಾಖೆಗಳಿಗೂ ನಿಗಮಗಳಿಗೂ ಇದು ಅನ್ವಯಿಸುತ್ತದೆ. ಎಂದರೆ, ಹಳೆಯದನ್ನು ಬಿಡಬೇಕೋ ಬಾರದೋ ಎಂಬ ಜಿಜ್ಞಾಸೆಗೆ ಇನ್ನು ಅವಕಾಶವಿಲ್ಲ. ಬಿಟ್ಟ ಸ್ಥಳದಲ್ಲಿ ಯಾವುದನ್ನು ತರಬೇಕು, ತಂದುದನ್ನು ಯಾರಿಗೆ ಮೊದಲು ಕೊಡಬೇಕು ಎಂಬವೆರಡೇ ಉಳಿದಿರುವ ಪ್ರಶ್ನೆಗಳು. ಮೊದಲನೆಯದನ್ನು ಕುರಿತು ಪಂಡಿತರು ಬೇಕಾದಷ್ಟು ಬರೆಯುತ್ತಿದ್ದಾರೆ. ಎರಡನೆಯದನ್ನು ಕುರಿತು ಮಾತನಾಡುವವರು ವಿರಳ. ಆದುದರಿಂದ ನಾವು ಬಳ್ಳಾರಿ ಜಿಲ್ಲೆಯ ಸಿರುಗುಪ್ಪ ತಾಲ್ಲೂಕಿಗೆ ಸೇರಿದ ಹಚ್ಚೊಳ್ಳಿಯೆಂಬ ಹೋಬಳಿ ಕೇಂದ್ರವನ್ನು ಕಣ್ಣಮುಂದಿಟ್ಟುಕೊಂಡು ಈ ಎರಡನ್ನೂ ಪರಾಮರ್ಶಿಸಬೇಕೆಂದಿದ್ದೇವೆ.

ಯುದ್ಧಕಾಲದ ಪಾಠ

ಇಂಧನವನ್ನು ಬದಲಾಯಿಸುವುದು ಈ ನಾಡಿಗೆ ಹೊಸ ಸಂಗತಿಯಲ್ಲ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಪೆಟ್ರೋಲಿಗೆ ಪಡಿತರ ಬಂದಾಗ ಮೈಸೂರು ಸಂಸ್ಥಾನದಲ್ಲಿಯೂ ಮದರಾಸು ಆಧಿಪತ್ಯದಲ್ಲಿಯೂ ಬಸ್ಸುಗಳೂ ಲಾರಿಗಳೂ ಇದ್ದಿಲಿನ ಅನಿಲದಿಂದ ಓಡಿದುವು. ಬಳ್ಳಾರಿಯು ಆಗ ಮದರಾಸಿಗೆ ಸೇರಿದ ಜಿಲ್ಲೆ. ಬಸ್ಸಿನ ಹಿಂಬದಿಗೆ ಒಂದು ಉಕ್ಕಿನ ಹಂಡೆಯನ್ನು ಕಟ್ಟಿ, ಅದರ ತುಂಬ ಸೌದೆಯ ಇದ್ದಿಲನ್ನು ತುರುಕಿ, ಬೆಂಕಿಯಿಟ್ಟು, ಕೈತಿದಿಯನ್ನು ತಿರುಗಿಸಿ ಕೆಂಡ ಮಾಡುವರು. ಸಾಲದಷ್ಟು ಗಾಳಿಯಲ್ಲಿ ಉರಿಯುವ ಇದ್ದಿಲಿನಿಂದ ಹೊರಡುವ ಅನಿಲವನ್ನು ಸೋಸಿ ತಣಿಸಿ ಯಂತ್ರಕ್ಕೆ ಬಿಡುವರು. ಹೊರಡುವುದಕ್ಕೆ ಬಹಳ ಮುಂಚೆಯೇ ಕ್ಲೀನರು ಎದ್ದು ಒಲೆ ಹೊತ್ತಿಸಬೇಕು; ದಾರಿಯಲ್ಲಿ ಇಳಿದು ಕೆದಕಬೇಕು; ಏರು ಬಂದರೆ ಪ್ರಯಾಣಿಕರು ಇಳಿದು ನೂಕಬೇಕು. ಪೆಟ್ರೋಲಿನಿಂದ ಬರುತ್ತಿದ್ದ ಬಲದಲ್ಲಿ ಮೂರನೆಯ ಒಂದು ಪಾಲಿಗೂ ಹೆಚ್ಚು ಇದರಲ್ಲಿ ನಷ್ಟವಾಗುತ್ತಿತ್ತು. ಆ ಅನಿಲವು ವಿಷವೂ ಹೌದು. ಇಷ್ಟಾದರೂ ನಾಡಿನ ಸಂಚಾರವು ನಿಲ್ಲಲಿಲ್ಲ. ನಮ್ಮ ಕಾಡಿನ ಕಟ್ಟಿಗೆಯೇ ನಮ್ಮ ಬಂಡಿಗಳನ್ನು ಎಳೆಯಿತು.

ಯುದ್ಧವು ಮುಗಿದು ಪೆಟ್ರೋಲು ಮತ್ತೆ ಹರಿದುಬಂದ ಕೂಡಲೆ ಆ ಹಂಡೆಗಳು ಗುಜರಿಗೆ ಹೋದುವು. ಅವುಗಳೊಡನೆ, ನಾಲ್ಕಾರು ವರುಷ ಕಷ್ಟಪಟ್ಟು ಮೇಸ್ತ್ರಿಗಳು ಗಳಿಸಿದ ತಿಳಿವಳಿಕೆಯೂ ಹೋಯಿತು. ೧೯೪೮ನೆಯ ಸೆಪ್ಟೆಂಬರ್ ೧೨ರಂದು ನೂರಿಪ್ಪತ್ತು ಬಸ್ಸುಗಳಿಂದ ಮೈಸೂರು ಸರಕಾರದ ರಸ್ತೆ ಸಾರಿಗೆ ಇಲಾಖೆಯು ಆರಂಭವಾಗುವ ಹೊತ್ತಿಗೆ ಇದ್ದಿಲು ಬಸ್ಸು ಹಿರಿಯರು ಹೇಳಿ ನಗುವ ಕಥೆಯಾಗತೊಡಗಿತ್ತು. ಅದು ತಕ್ಕುದೇ ಆಗಿರಬಹುದು. ಕಾಡನ್ನು ಕಡಿದು ಬಸ್ಸು ಓಡಿಸುವುದನ್ನು ಯಾರೂ ಶಾಶ್ವತ ಮಾರ್ಗವೆಂದು ಹೊಗಳರು. ಆದರೆ ಅದರಿಂದ ಕಲಿಯತಕ್ಕ ಪಾಠವೊಂದಿದೆ. ಕಷ್ಟಕಾಲವು ತಂದ ಬದಲಾವಣೆಯು ಕಷ್ಟಕಾಲದೊಡನೆಯೇ ಹೋಗುತ್ತದೆ. ಸುಖಕಾಲದಲ್ಲಿ ಯೋಚಿಸಿ, ಲೆಕ್ಕ ಹಾಕಿ, ಕೆಲಸಗಾರರಿಗೆ ಕಲಿಸಿ ತಂದ ಬದಲಾವಣೆಯೊಂದೇ ನಿಲ್ಲತಕ್ಕದ್ದು.

ಹೊಂಗೆಯ ಕಥೆ

ಡೀಸೆಲ್ ಯಂತ್ರವು ನೆಲದೆಣ್ಣೆಯನ್ನೇ ಕುಡಿಯಬೇಕೆಂಬ ನಿಯಮವು ಅದರ ಹುಟ್ಟಿನಲ್ಲಿ ಇರಲಿಲ್ಲ. ೧೯೦೦ನೆಯ ಇಸವಿಯಲ್ಲಿ ಪ್ಯಾರಿಸ್ ನಗರದಲ್ಲಿ ನಡೆದ ಮಹಾಪ್ರದರ್ಶನದಲ್ಲಿ ಚಿಕ್ಕದೊಂದು ಡೀಸೆಲ್ ಯಂತ್ರವನ್ನು ಶೇಂಗಾ ಎಣ್ಣೆಯಿಂದ ನಡೆಸಿ ತೋರಿಸಿದರು. ಬೇಸಾಯಗಾರನು ತನ್ನ ಹೊಲದ ಎಣ್ಣೆಯಿಂದಲೇ ತನ್ನ ಯಂತ್ರವನ್ನು ನಡೆಸಿಕೊಳ್ಳುವ ಸಾಧ್ಯತೆಯನ್ನು ಆ ಯಂತ್ರದ ನಿರ್ಮಾತೃವಾದ ರುಡಾಲ್ಫ್ ಡೀಸೆಲನು ಗಂಭೀರವಾಗಿಯೇ ಎಣಿಸಿದ್ದನು. ಶೇಂಗಾ ಬೆಳೆಯುವ ಬಳ್ಳಾರಿಯ ರೈತನಿಗೆ ಈ ಸಂಗತಿಯು ತಿಳಿದಿರುವುದು ಒಳ್ಳೆಯದು.

ತಿನ್ನುವ ಎಣ್ಣೆಯನ್ನು ಯಂತ್ರಕ್ಕೆ ಹಾಕುವುದು ಸರಿಯಲ್ಲವೆಂದು ನಮ್ಮವರು ತಿನ್ನದ ಎಣ್ಣೆಯ ಕಡೆಗೆ ದೃಷ್ಟಿ ಹರಿಸಿದರು. ಹೊಂಗೆಯು ನಮ್ಮ ಊರಿನ ಸಾಲುಮರ, ಹೊಲದ ಬದುವಿನ ಮರ. ಸೀಮೆಎಣ್ಣೆ ಬರುವ ಮೊದಲು ಅನೇಕ ಹಳ್ಳಿಗಳ ದೀಪಕ್ಕೆ ಅದರ ಎಣ್ಣೆಯೇ ಗತಿ. ಹಿಂಡಿಯು ಇಂದಿಗೂ ಹೊಲಕ್ಕೆ ಗೊಬ್ಬರ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಉಡುಪಿ ಶ್ರೀನಿವಾಸ ಅವರು ಕಳೆದ ಶತಮಾನದ ಕೊನೆಯ ವರುಷಗಳಲ್ಲಿ ಹೊಂಗೆ ಎಣ್ಣೆಯಿಂದಲೇ ಡೀಸೆಲ್ ಯಂತ್ರವನ್ನು ನಡೆಸಿ, ಹಳ್ಳಿಗೆ ವಿದ್ಯುತ್ತನ್ನೂ ನೀರನ್ನೂ ಒದಗಿಸಬಹುದೆಂದು ಪ್ರಯೋಗದಿಂದ ಸಿದ್ಧಪಡಿಸಿದರು. ಆಮೇಲೆ ೨೦೦೯ರಲ್ಲಿ ಕರ್ನಾಟಕ ಸರಕಾರವು ಜೈವಿಕ ಇಂಧನ ನೀತಿಯನ್ನು ಪ್ರಕಟಿಸಿತು, ವೈ. ಬಿ. ರಾಮಕೃಷ್ಣ ಅವರ ಅಧ್ಯಕ್ಷತೆಯಲ್ಲಿ ಜೈವಿಕ ಇಂಧನ ಅಭಿವೃದ್ಧಿ ಮಂಡಳಿಯು ಕೆಲಸಕ್ಕೆ ತೊಡಗಿತು. ಹಾಸನದ ಬಳಿಯ ಮಡೆನೂರಿನಲ್ಲಿ ಜೈವಿಕ ಇಂಧನ ಉದ್ಯಾನವು ಬೆಳೆಯಿತು. ಹೊಂಗೆ, ಬೇವು, ಹಿಪ್ಪೆ, ಸಿಮರೂಬ ಮೊದಲಾದ ಗಿಡಗಳನ್ನು ಬದುಗಳಲ್ಲಿಯೂ ಬರಡು ನೆಲದಲ್ಲಿಯೂ ನೆಡಿಸಿದರು. ರಾಜ್ಯ ರಸ್ತೆ ಸಾರಿಗೆ ನಿಗಮವು ಡೀಸೆಲಿಗೆ ಮೊದಲು ಎಥನಾಲನ್ನೂ, ಅನಂತರ ಜೈವಿಕ ಡೀಸೆಲನ್ನೂ ಬೆರೆಸಿ ತನ್ನ ಬಸ್ಸುಗಳನ್ನು ಓಡಿಸಿ ನೋಡಿತು.

ಈ ಜೈವಿಕ ಡೀಸೆಲನ್ನು ಮಾಡುವ ಕ್ರಮವು ಕಠಿನವಾದುದಲ್ಲ. ಹೊಂಗೆ ಎಣ್ಣೆಯು ಮಂದವಾದುದರಿಂದ ಇಂದಿನ ಯಂತ್ರದ ಸೂಕ್ಷ್ಮ ರಂಧ್ರಗಳಲ್ಲಿ ಕಟ್ಟಿಕೊಳ್ಳುತ್ತದೆ. ಅದಕ್ಕೆ ಮೆಥನಾಲನ್ನೂ ಕ್ಷಾರವನ್ನೂ ಸೇರಿಸಿ ಬಿಸಿಮಾಡಿದರೆ ಗ್ಲಿಸರಿನ್ ಕೆಳಗಿಳಿದು ತೆಳುವಾದ ಇಂಧನವು ಮೇಲೆ ನಿಲ್ಲುತ್ತದೆ. ಯಂತ್ರವನ್ನು ಬದಲಾಯಿಸಬೇಕಾಗಿಲ್ಲ, ಡೀಸೆಲಿನೊಡನೆ ನೂರಕ್ಕೆ ಇಪ್ಪತ್ತರವರೆಗೆ ಬೆರೆಸಿದರೂ ಹೆಚ್ಚಿನ ತೊಂದರೆಯಿಲ್ಲ. ಇಷ್ಟು ಸುಲಭವಾದದ್ದು ಏಕೆ ಬೆಳೆಯಲಿಲ್ಲ? ಬೀಜವಿಲ್ಲದ್ದರಿಂದ! ಒಂದು ಲೀಟರ್ ಎಣ್ಣೆಗೆ ಮೂರೂವರೆ ನಾಲ್ಕು ಕಿಲೋ ಬೀಜ ಬೇಕು. ನೆಟ್ಟ ಗಿಡವು ಫಲ ಕೊಡುವುದಕ್ಕೆ ಐದಾರು ವರುಷ ಬೇಕು. ಉದುರಿದ ಕಾಯನ್ನು ಆರಿಸಿ, ಸುಲಿದು, ಹೊತ್ತು ತರುವ ಕೂಲಿಗೆ ಸಾಲುವಂತೆ ಬೆಲೆ ಬೇಕು. ಆ ಬೆಲೆಯನ್ನು ಯಾರೂ ದೃಢವಾಗಿ ಕಟ್ಟಲಿಲ್ಲ. ೨೦೧೭ರ ಹೊತ್ತಿಗೆ ದೇಶದ ಡೀಸೆಲಿನಲ್ಲಿ ನೂರಕ್ಕೆ ಇಪ್ಪತ್ತು ಪಾಲು ಜೈವಿಕವಾಗಿರಬೇಕೆಂದು ೨೦೦೯ರ ರಾಷ್ಟ್ರೀಯ ನೀತಿಯು ಹೇಳಿತ್ತು; ೨೦೧೮ರ ನೀತಿಯು ಅದನ್ನು ೨೦೩೦ಕ್ಕೆ ನೂರಕ್ಕೆ ಐದು ಎಂದು ಇಳಿಸಿತು. ಇತ್ತ ಎಥನಾಲಿನ ಸಂಗತಿಯನ್ನು ನೋಡಿರಿ. ಕಬ್ಬಿಗೆ ಕಾರ್ಖಾನೆಯಿತ್ತು, ಕೊಳ್ಳುವ ತೈಲ ಕಂಪನಿಯಿತ್ತು, ಗೊತ್ತುಪಡಿಸಿದ ಬೆಲೆಯಿತ್ತು. ಆದುದರಿಂದ ಪೆಟ್ರೋಲಿನಲ್ಲಿ ೨೦೨೨ಕ್ಕೆ ನೂರಕ್ಕೆ ಹತ್ತು, ೨೦೨೫ಕ್ಕೆ ನೂರಕ್ಕೆ ಇಪ್ಪತ್ತು ಬೆರಕೆಯು ಸಾಧ್ಯವಾಯಿತು. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆಗೆ ಹೊಂಗೆಯು ಉದಾಹರಣೆಯಾಯಿತೆಂದು ಹಲುಬುವುದರಲ್ಲಿ ಫಲವಿಲ್ಲ. ಗಿಡದ ದೋಷವಲ್ಲ ಅದು. ಗಿಡಕ್ಕೂ ಗಿರಾಕಿಗೂ ನಡುವೆ ದಾರಿಯನ್ನು ಮಾಡದವರ ದೋಷ.

ದಿಲ್ಲಿಯ ಅನುಭವ

ಒಂದು ಮಹಾನಗರದ ಸಮಸ್ತ ಬಸ್ಸುಗಳನ್ನು ಒಂದೇ ಬಾರಿಗೆ ಬೇರೆ ಇಂಧನಕ್ಕೆ ತಿರುಗಿಸಿದ ಉದಾಹರಣೆಯೂ ನಮ್ಮ ದೇಶದಲ್ಲಿ ಉಂಟು. ಎಂ. ಸಿ. ಮೆಹತಾ ಅವರ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು ೧೯೯೮ನೆಯ ಜುಲೈ ೨೮ರಂದು ಆಜ್ಞೆಮಾಡಿ, ದಿಲ್ಲಿಯ ಬಸ್ಸುಗಳೆಲ್ಲವೂ ೨೦೦೧ನೆಯ ಮಾರ್ಚ್ ೩೧ರೊಳಗೆ ಒತ್ತಿದ ನೈಸರ್ಗಿಕ ಅನಿಲಕ್ಕೆ ಬದಲಾಗಬೇಕೆಂದಿತು. ಮೂರು ವರುಷಗಳ ಅವಕಾಶವಿದ್ದರೂ ಆಡಳಿತವು ಕೊನೆಯ ತಿಂಗಳವರೆಗೆ ಕಾಲಹರಣ ಮಾಡಿತು. ಗಡುವು ಬಂದಾಗ ಬಸ್ಸುಗಳು ಸಾಲದೆ ಜನರು ನಿಲ್ದಾಣಗಳಲ್ಲಿ ನಿಂತರು. ಅನಿಲದ ಬಂಕುಗಳು ಸಾಲದೆ ಬಂಡಿಗಳು ಮೈಲುಗಟ್ಟಲೆ ಸಾಲುನಿಂತುವು. ಕಡೆಗೆ ೨೦೦೨ರ ಕೊನೆಯ ಹೊತ್ತಿಗೆ ಕಾರ್ಯವು ಪೂರ್ಣವಾಯಿತು. ಬಸ್ಸಿನ ಕರಿಹೊಗೆಯು ದಿಲ್ಲಿಯ ಬೀದಿಗಳಿಂದ ಬಹುಮಟ್ಟಿಗೆ ಮಾಯವಾಯಿತು. ಸಾಧ್ಯವೇ ಇಲ್ಲವೆಂದು ವಾದಿಸಿದವರೇ ಆಮೇಲೆ ಅದನ್ನು ತಮ್ಮ ಸಾಧನೆಯೆಂದು ಹೇಳಿಕೊಂಡರು. ಬಂಡಿಗಿಂತ ಮೊದಲು ಬಂಕು ಸಿದ್ಧವಾಗಿರಬೇಕೆಂಬುದು ದಿಲ್ಲಿಯು ನಮಗೆ ಕೊಟ್ಟ ಬುದ್ಧಿ. ಆದರೆ ಆ ಅನಿಲದಲ್ಲಿಯೂ ಸುಮಾರು ಅರ್ಧ ಪಾಲು ಹೊರದೇಶದಿಂದಲೇ ಬರುತ್ತದೆಂಬುದನ್ನು ಮರೆಯಲಾಗದು.

ವಿದ್ಯುತ್ತಿನ ಸರದಿ

ಈಗ ವಿದ್ಯುತ್ತಿನ ಸರದಿ. ಚೀನಾ ದೇಶದ ಷೆಂಜೆನ್ ನಗರವು ೨೦೧೭ರಲ್ಲಿ ತನ್ನ ಹದಿನಾರು ಸಾವಿರಕ್ಕೂ ಮಿಕ್ಕ ಬಸ್ಸುಗಳನ್ನೆಲ್ಲ ವಿದ್ಯುತ್ತಿಗೆ ತಿರುಗಿಸಿತು. ಬೆಂಗಳೂರು ಈ ವಿಷಯದಲ್ಲಿ ತಡವಾಗಿ ಎಚ್ಚೆತ್ತ ಊರಲ್ಲ, ಬಿ.ಎಂ.ಟಿ.ಸಿ.ಯವರು ೨೦೧೪ರಲ್ಲಿಯೇ ಒಂದು ವಿದ್ಯುತ್ ಬಸ್ಸನ್ನು ಮೂರು ತಿಂಗಳು ಓಡಿಸಿ ಪರೀಕ್ಷಿಸಿದ್ದರು. ೨೦೧೭ರಲ್ಲಿ ವಿದ್ಯುತ್ ವಾಹನಗಳಿಗಾಗಿಯೇ ಪ್ರತ್ಯೇಕ ನೀತಿಯನ್ನು ಪ್ರಕಟಿಸಿದ ಮೊದಲನೆಯ ರಾಜ್ಯವೂ ಕರ್ನಾಟಕವೇ. ಆದರೆ ಪರೀಕ್ಷೆಗೂ ಪ್ರಯೋಜನಕ್ಕೂ ನಡುವೆ ಏಳು ವರುಷಗಳು ಕಳೆದುವು. ೨೦೨೧ರ ಡಿಸೆಂಬರಿನಿಂದ ಈಚೆಗೆ ಮೊದಲು ತೊಂಬತ್ತು, ಆಮೇಲೆ ಮುನ್ನೂರು, ಅನಂತರ ಒಂಬೈನೂರ ಇಪ್ಪತ್ತೊಂದು ಎಂಬ ಲೆಕ್ಕದಲ್ಲಿ ಬಸ್ಸುಗಳನ್ನು ಬೆಂಗಳೂರಿಗೆ ಗೊತ್ತುಮಾಡಿದರು. ೨೦೨೩ರ ಆದಿಯಲ್ಲಿ ಬೆಂಗಳೂರು ಮೈಸೂರುಗಳ ನಡುವೆಯೂ ವಿದ್ಯುತ್ ಬಸ್ಸು ಓಡಿತು.

ಇವುಗಳಲ್ಲಿ ಹೆಚ್ಚಿನವನ್ನು ನಿಗಮಗಳು ಕ್ರಯಕ್ಕೆ ಕೊಂಡಿಲ್ಲ. ಕಿಲೋಮೀಟರಿಗೆ ಇಷ್ಟೆಂದು ಬಾಡಿಗೆಗೆ ಹಿಡಿದಿವೆ. ಬಸ್ಸೂ ಚಾಲಕನೂ ಕಂಪನಿಯವು, ನಿರ್ವಾಹಕನೂ ಟಿಕೆಟ್ಟಿನ ಹಣವೂ ನಿಗಮದವು. ಬೆಂಗಳೂರೂ ಸೇರಿದಂತೆ ಐದು ನಗರಗಳಿಗಾಗಿ ೨೦೨೨ರಲ್ಲಿ ಒಟ್ಟುಗೂಡಿಸಿ ಕರೆದ ಟೆಂಡರಿನಲ್ಲಿ ಹನ್ನೆರಡು ಮೀಟರಿನ ಬಸ್ಸಿಗೆ ಕಿಲೋಮೀಟರಿಗೆ ೪೩.೪೯ ರೂಪಾಯಿಯ ದರವು ಬಂದಿತು. ಕೈಯಲ್ಲಿ ಹಣವಿಲ್ಲದ ನಿಗಮಕ್ಕೆ ಇದು ಅನುಕೂಲವೇ ಸರಿ. ಆದರೆ ಬಸ್ಸು ಖಾಲಿ ಓಡಿದರೂ ಕಂಪನಿಗೆ ಬಾಡಿಗೆಯು ಸಲ್ಲಬೇಕು. ದಿನಕ್ಕೆ ಇಂತಿಷ್ಟು ಕಿಲೋಮೀಟರೆಂದು ಒಪ್ಪಿಕೊಂಡ ಮೇಲೆ ಅದಕ್ಕಿಂತ ಕಡಿಮೆ ಓಡಿಸಿದರೂ ತೆರಬೇಕು. ಜನಸಂದಣಿಯ ನಗರದಲ್ಲಿ ಹೊರಬಹುದಾದ ಈ ಭಾರವನ್ನು ಹಳ್ಳಿಯ ದಾರಿಯಲ್ಲಿ ಹೊರುವುದು ಹೇಗೆಂಬುದನ್ನು ಯಾವ ಟೆಂಡರೂ ಇನ್ನೂ ಹೇಳಿಲ್ಲ. ಚಾಲಕರು ನಿಗಮದ ನೌಕರರಲ್ಲದೆ ಗುತ್ತಿಗೆಯವರಾದುದರಿಂದ ಅವರ ವೇತನದ ಗೋಳಿಗೆ ಕಿವಿಗೊಡುವವರು ಯಾರೆಂಬುದೂ ಬಿಡಿಸದೆ ಉಳಿದಿರುವ ಪ್ರಶ್ನೆಯೇ.

ಒಂದು ಸರಳವಾದ ಲೆಕ್ಕವನ್ನು ಮಾಡಿ ನೋಡೋಣ. ಹಳ್ಳಿಗಳನ್ನು ಸುತ್ತುವ ಬಸ್ಸೊಂದು ದಿನಕ್ಕೆ ೨೫೦ ಕಿಲೋಮೀಟರು ಓಡುತ್ತದೆಂದು ಹಿಡಿಯೋಣ. ಲೀಟರಿಗೆ ನಾಲ್ಕೂವರೆ ಕಿಲೋಮೀಟರಿನಂತೆ ಅದಕ್ಕೆ ಸುಮಾರು ಐವತ್ತೈದು ಲೀಟರ್ ಡೀಸೆಲು ಬೇಕು. ಲೀಟರಿಗೆ ತೊಂಬತ್ತು ರೂಪಾಯಿಯಾದರೆ ದಿನದ ಖರ್ಚು ಐದು ಸಾವಿರಕ್ಕೆ ಹತ್ತಿರ. ಅದೇ ದಾರಿಯನ್ನು ಚಿಕ್ಕ ಅಳತೆಯ ವಿದ್ಯುತ್ ಬಸ್ಸು ಕಿಲೋಮೀಟರಿಗೆ ಸುಮಾರು ಒಂದು ಯೂನಿಟ್ಟಿನಂತೆ ಓಡಿದರೆ, ಯೂನಿಟ್ಟಿಗೆ ಆರು ರೂಪಾಯಿಯೆಂದರೂ ಒಂದು ಸಾವಿರದ ಐನೂರು. ವರುಷಕ್ಕೆ ಮುನ್ನೂರು ದಿನ ಓಡಿದರೆ ಹತ್ತು ಲಕ್ಷ ರೂಪಾಯಿಗೆ ಕಡಿಮೆಯಿಲ್ಲದ ಉಳಿತಾಯ. ಆದರೆ ವಿದ್ಯುತ್ ಬಸ್ಸಿನ ಕ್ರಯವು ಡೀಸೆಲ್ ಬಸ್ಸಿನದಕ್ಕಿಂತ ಹಲವು ಪಟ್ಟು ಹೆಚ್ಚು. ಆ ಅಂತರವನ್ನು ಅರುವತ್ತು ಎಪ್ಪತ್ತು ಲಕ್ಷವೆಂದು ಹಿಡಿದರೂ, ಅದು ತೀರುವುದಕ್ಕೆ ಬಡ್ಡಿಯನ್ನು ಬಿಟ್ಟು ಆರೇಳು ವರುಷ ಬೇಕು. ಅಷ್ಟು ಹೊತ್ತಿಗೆ ಬ್ಯಾಟರಿಯು ಮುಪ್ಪಾಗುತ್ತದೆ. ಎಂದರೆ ಲಾಭವು ಉಂಟು, ಆದರೆ ಕೂದಲೆಳೆಯಷ್ಟು. ಕೇಂದ್ರದ ಸಹಾಯಧನವಿದ್ದರೆ ಮಾತ್ರ ಅದು ಕೈಗೆ ಹತ್ತುತ್ತದೆ. ಆ ಸಹಾಯಧನವು ಯಾರಿಗೆ ಹೋಗುತ್ತದೆಂಬುದೇ ಈ ಲೇಖನದ ಮುಖ್ಯ ವಿಚಾರ.

ಹಚ್ಚೊಳ್ಳಿಯ ಪಾಲು

ಕೇಂದ್ರ ಸರಕಾರವು ೨೦೨೪ರ ಸೆಪ್ಟೆಂಬರಿನಲ್ಲಿ ಹತ್ತು ಸಾವಿರದ ಒಂಬೈನೂರು ಕೋಟಿ ರೂಪಾಯಿಗಳ ಪಿ.ಎಂ. ಇ-ಡ್ರೈವ್ ಯೋಜನೆಯನ್ನು ಅಂಗೀಕರಿಸಿತು. ಅದರಲ್ಲಿ ೧೪,೦೨೮ ವಿದ್ಯುತ್ ಬಸ್ಸುಗಳಿಗೆ ಸಹಾಯವುಂಟು. ಆದರೆ ಅದು ನಲವತ್ತು ಲಕ್ಷಕ್ಕೆ ಮಿಕ್ಕ ಜನಸಂಖ್ಯೆಯುಳ್ಳ ಒಂಬತ್ತು ಮಹಾನಗರಗಳಿಗೆ ಮಾತ್ರ. ೨೦೨೫ರಲ್ಲಿ ಹಂಚಿಕೆಯಾದಾಗ ಬೆಂಗಳೂರೊಂದಕ್ಕೇ ೪,೫೦೦ ಬಸ್ಸುಗಳು ಬಂದುವು. ಇದಕ್ಕೆ ಮುಂಚೆ ೨೦೨೩ರ ಆಗಸ್ಟಿನಲ್ಲಿ ಬಂದ ಪಿ.ಎಂ. ಇ-ಬಸ್ ಸೇವಾ ಯೋಜನೆಯು ಹತ್ತು ಸಾವಿರ ಬಸ್ಸುಗಳನ್ನು ಮೂರು ಲಕ್ಷಕ್ಕೆ ಮೇಲ್ಪಟ್ಟ ಜನರಿರುವ ನಗರಗಳಿಗೆ ಗೊತ್ತುಪಡಿಸಿತು. ನಾಲ್ಕು ಲಕ್ಷ ಜನರ ಬಳ್ಳಾರಿ ಪಟ್ಟಣವು ಆ ಅಳತೆಗೆ ನಿಲುಕಬಹುದು. ಐವತ್ತು ಸಾವಿರದ ಆಸುಪಾಸಿನ ಸಿರುಗುಪ್ಪವು ನಿಲುಕದು. ಕುರುಗೋಡು ನಿಲುಕದು. ಹಚ್ಚೊಳ್ಳಿಯ ಮಾತನ್ನಂತೂ ಎತ್ತುವುದೇ ಬೇಡ.

ಬೆಂಗಳೂರಿಗೆ ಕೊಟ್ಟುದಕ್ಕೆ ನಮಗೆ ಅಸೂಯೆಯಿಲ್ಲ. ಅಲ್ಲಿ ಜನಸಂದಣಿ ಹೆಚ್ಚು, ಹೊಗೆ ಹೆಚ್ಚು. ಮೊದಲು ಅಲ್ಲಿಗೆ ಕೊಡುವುದು ನ್ಯಾಯವೇ. ಆದರೆ ಕೊಡುವ ಕ್ರಮದಲ್ಲಿ ಒಂದು ಅಪಾಯವಡಗಿದೆ. ಹೊಸ ಬಸ್ಸುಗಳೆಲ್ಲವೂ ಮಹಾನಗರಕ್ಕೆ ಹೋದರೆ, ಅಲ್ಲಿಂದ ಕಳಚಿದ ಡೀಸೆಲ್ ಬಸ್ಸುಗಳು ಹದಿನೈದು ವರುಷ ತುಂಬುವವರೆಗೆ ಎಲ್ಲಿ ಓಡಬೇಕು? ಮನೆಯಲ್ಲಿ ಹಿರಿಯ ಮಗನು ಉಟ್ಟು ಬಿಟ್ಟ ಬಟ್ಟೆಯನ್ನು ಕಿರಿಯವನಿಗೆ ತೊಡಿಸುವಂತೆ, ನಗರದ ಹೊಗೆಯನ್ನು ಹಳ್ಳಿಗೆ ಕಳುಹಿಸುವುದೇ ಸುಧಾರಣೆಯೆಂದು ಆಗಬಾರದು. ೨೦೨೩ನೆಯ ಜೂನ್ ೧೧ರಿಂದ ಶಕ್ತಿ ಯೋಜನೆಯಂತೆ ಹೆಂಗಸರಿಗೆ ಉಚಿತ ಪ್ರಯಾಣವು ದೊರೆತಮೇಲೆ ಹಳ್ಳಿಯ ಬಸ್ಸುಗಳಲ್ಲಿ ಜನವು ಹೆಚ್ಚಿರುವುದು ಎಲ್ಲರೂ ಬಲ್ಲ ವಿಷಯ. ಸಂತೆಗೆ ಹೋಗುವ ತಾಯಿ, ಕಾಲೇಜಿಗೆ ಹೋಗುವ ಹುಡುಗಿ, ಆಸ್ಪತ್ರೆಗೆ ಹೋಗುವ ಬಸುರಿ ಇವರಿಗೆ ಬಸ್ಸು ಬಿಟ್ಟು ಬೇರೆ ವಾಹನವಿಲ್ಲ. ಬೆಂಗಳೂರಿನವನಿಗೆ ಮೆಟ್ರೋ ಇದೆ, ಆಟೋ ಇದೆ. ಹೋಬಳಿಯವನಿಗೆ ಬಸ್ಸು ತಪ್ಪಿದರೆ ಅಂದಿನ ಕೆಲಸವೇ ತಪ್ಪಿತು.

ಹಳ್ಳಿಗೆ ವಿದ್ಯುತ್ ಬಸ್ಸು ಹೊಂದುವುದಿಲ್ಲವೆಂದು ಕೆಲವರು ಆಕ್ಷೇಪಿಸುವರು. ಆಕ್ಷೇಪದಲ್ಲಿ ಅರ್ಧ ಸತ್ಯವುಂಟು. ನಮ್ಮದು ಎರೆಭೂಮಿ; ಮಳೆಗಾಲದಲ್ಲಿ ಉಬ್ಬಿ ಬೇಸಗೆಯಲ್ಲಿ ಬಿರಿಯುವ ಆ ಮಣ್ಣಿನ ಮೇಲೆ ಹಾಸಿದ ರಸ್ತೆಯು ಅಲೆಯಲೆಯಾಗುತ್ತದೆ. ನಗರಕ್ಕೆಂದು ಮಾಡಿದ ತಗ್ಗಾದ ಹಾಸುಗಳ ಬಸ್ಸು ಅಲ್ಲಿ ಅಡಿ ತಗಲಿಸಿಕೊಳ್ಳುತ್ತದೆ. ನಲವತ್ತು ಡಿಗ್ರಿಗೆ ಏರುವ ಬಳ್ಳಾರಿಯ ಬಿಸಿಲು ಬ್ಯಾಟರಿಯ ಆಯುಸ್ಸಿಗೆ ಹಿತವಲ್ಲ. ಒಮ್ಮೆ ತುಂಬಿದ ವಿದ್ಯುತ್ತು ನೂರೈವತ್ತರಿಂದ ಇನ್ನೂರು ಕಿಲೋಮೀಟರಿಗೆ ಸಾಕಾಗಬಹುದು, ಇನ್ನೂರೈವತ್ತಕ್ಕೆ ಸಾಲದು. ಇವೆಲ್ಲ ನಿಜ. ಆದರೆ ಇವು ಬಿಡಿಸಲಾಗದ ಗಂಟುಗಳಲ್ಲ. ಎತ್ತರದ ಹಾಸುಗಳ ಬಸ್ಸನ್ನು ಮಾಡಿಸಬಹುದು. ಮಧ್ಯಾಹ್ನದ ವೇಳೆ ಹಳ್ಳಿಯ ಬಸ್ಸು ತಾಲ್ಲೂಕು ನಿಲ್ದಾಣದಲ್ಲಿ ಹೇಗೂ ಒಂದೆರಡು ಗಂಟೆ ನಿಲ್ಲುತ್ತದೆ, ಆಗ ತುಂಬಬಹುದು. ಹಳ್ಳಿಯ ದಾರಿಯು ದಿನದಿನವೂ ಒಂದೇ, ದೂರವು ಗೊತ್ತಿದ್ದುದೇ. ವಿದ್ಯುತ್ ಬಂಡಿಗೆ ಇದಕ್ಕಿಂತ ಹೊಂದುವ ಕೆಲಸವು ಬೇರಿಲ್ಲ. ಹಿಂದೆ ೨೦೧೭ರಲ್ಲಿ ಕೇಂದ್ರದವರು ಅಧಿಕಾರಿಗಳಿಗಾಗಿ ಹತ್ತು ಸಾವಿರ ವಿದ್ಯುತ್ ಕಾರುಗಳಿಗೆ ಟೆಂಡರು ಕರೆದಾಗ, ದಾರಿಯಲ್ಲಿ ನಿಂತುಹೋದೀತೆಂಬ ಅಂಜಿಕೆಯಿಂದ ಅನೇಕ ಅಧಿಕಾರಿಗಳು ಅವನ್ನು ಹತ್ತಲು ಹಿಂಜರಿದರು, ವಿತರಣೆಯು ಮಂದವಾಯಿತು. ಅಧಿಕಾರಿಯ ಪ್ರವಾಸವು ಎಲ್ಲಿಗೆ ಎಷ್ಟು ದೂರವೆಂದು ಮುಂಜಾನೆ ಹೇಳಲಾಗದು, ಬಸ್ಸಿನದನ್ನು ಹೇಳಬಹುದು.

ಕುಡತಿನಿಯ ಹೊಗೆ, ಹೊರದೇಶದ ಬ್ಯಾಟರಿ

ಇನ್ನೆರಡು ಆಕ್ಷೇಪಗಳು ಹೆಚ್ಚು ತೂಕವುಳ್ಳವು. ವಿದ್ಯುತ್ತೇನೂ ಆಕಾಶದಿಂದ ಉದುರುವುದಿಲ್ಲ, ಕಲ್ಲಿದ್ದಲನ್ನು ಸುಟ್ಟು ಮಾಡಿದ್ದಲ್ಲವೇ ಎಂಬುದು ಒಂದು. ನಮ್ಮ ಜಿಲ್ಲೆಯ ಕುಡತಿನಿಯಲ್ಲಿಯೇ ೧,೭೦೦ ಮೆಗಾವಾಟಿನ ಬಳ್ಳಾರಿ ಶಾಖೋತ್ಪನ್ನ ಸ್ಥಾವರವಿರುವಾಗ ಈ ಮಾತನ್ನು ತಳ್ಳಿಹಾಕುವಂತಿಲ್ಲ. ಪೇಟೆಯ ಹೊಗೆಯನ್ನು ಕುಡತಿನಿಗೆ ಸಾಗಿಸಿದರೆ ಕುಡತಿನಿಯವರು ಏನು ಪಾಪ ಮಾಡಿದ್ದರು? ಇದಕ್ಕೆ ಸಮಾಧಾನವಿಷ್ಟು: ಡೀಸೆಲ್ ಯಂತ್ರವು ತನ್ನೊಳಗಿನ ಶಕ್ತಿಯಲ್ಲಿ ಮೂರನೆಯ ಒಂದು ಪಾಲನ್ನು ಮಾತ್ರ ಚಲನೆಗೆ ತಿರುಗಿಸಿ ಉಳಿದುದನ್ನು ಬಿಸಿಯಾಗಿ ಬಿಡುತ್ತದೆ, ವಿದ್ಯುತ್ ಮೋಟಾರು ತನಗೆ ಕೊಟ್ಟುದರಲ್ಲಿ ಹತ್ತರಲ್ಲಿ ಒಂಬತ್ತು ಪಾಲನ್ನು ಕೆಲಸಕ್ಕೆ ತರುತ್ತದೆ. ಅಲ್ಲದೆ ಕರ್ನಾಟಕದಲ್ಲಿ ಬಿಸಿಲಿನ ವಿದ್ಯುತ್ತು ಹೇರಳವಾಗಿದೆ. ತುಮಕೂರು ಜಿಲ್ಲೆಯ ಪಾವಗಡದಲ್ಲಿ ೨,೦೫೦ ಮೆಗಾವಾಟಿನ ಸೌರ ಉದ್ಯಾನವಿದೆ. ಆದರೆ ಸೂರ್ಯನು ಹಗಲು ಕೊಡುತ್ತಾನೆ, ಬಸ್ಸುಗಳು ರಾತ್ರಿ ಬೇಡುತ್ತವೆ. ಆದ್ದರಿಂದಲೇ ಮಧ್ಯಾಹ್ನದಲ್ಲಿ ತುಂಬುವ ಏರ್ಪಾಡು ಬೇಕೆನ್ನುವುದು. ಅದರಿಂದ ದೂರದ ಸಮಸ್ಯೆಯೂ ಕಲ್ಲಿದ್ದಲಿನ ಸಮಸ್ಯೆಯೂ ಒಟ್ಟಿಗೆ ಹಗುರಾಗುತ್ತವೆ.

ಬ್ಯಾಟರಿಯ ಮೂಲವಸ್ತುವು ಹೊರದೇಶದ್ದೆಂಬುದು ಎರಡನೆಯ ಆಕ್ಷೇಪ. ಬ್ಯಾಟರಿಯ ಕೋಶಗಳು ಇಂದಿಗೂ ಹೆಚ್ಚಾಗಿ ಚೀನಾದಿಂದಲೇ ಬರುತ್ತವೆ. ಮಂಡ್ಯ ಜಿಲ್ಲೆಯ ಮಾರ್ಲಗಲ್ಲದಲ್ಲಿ ಲಿಥಿಯಂ ಇದೆಯೆಂದು ೨೦೨೧ರಲ್ಲಿ ಪ್ರಕಟವಾದಾಗ ನಾಡೆಲ್ಲ ಹಿಗ್ಗಿತು. ವಿಚಾರಿಸಿದರೆ ಅದು ೧,೬೦೦ ಟನ್ನು ಮಾತ್ರ. ತೈಲಕ್ಕಾಗಿ ಅರಬರ ಮುಂದೆ ನಿಂತವರು ಬ್ಯಾಟರಿಗಾಗಿ ಚೀನೀಯರ ಮುಂದೆ ನಿಲ್ಲುವುದಾದರೆ ಸ್ವಾವಲಂಬನವೆಂಬ ಮಾತಿಗೆ ಅರ್ಥವೇನು? ವ್ಯತ್ಯಾಸವಿಷ್ಟೆ: ಸುಟ್ಟ ಎಣ್ಣೆ ಮತ್ತೆ ಬಾರದು, ಬ್ಯಾಟರಿಯೊಳಗಿನ ಲೋಹವು ಉಳಿಯುತ್ತದೆ, ಕರಗಿಸಿ ಮತ್ತೆ ಬಳಸಬಹುದು. ಅದನ್ನು ಮಾಡುವ ಕಾರ್ಖಾನೆಯು ನಮ್ಮಲ್ಲಿರಬೇಕು. ಇದ್ದಿಲಿನ ಹಂಡೆಗಳಂತೆ ಇವೂ ಗುಜರಿಗೆ ಹೋದರೆ ನಮ್ಮ ಕೈಗೆ ಏನೂ ಹತ್ತದು.

ನಮ್ಮ ಹೊಲದ ಇಂಧನ

ವಿದ್ಯುತ್ತೊಂದನ್ನೇ ನೆಚ್ಚಬೇಕೆಂದೂ ಇಲ್ಲ. ಸ್ವೀಡನ್ನಿನ ಲಿನ್‌ಷೋಪಿಂಗ್ ಪಟ್ಟಣವು ಕಸಾಯಿಖಾನೆಯ ತ್ಯಾಜ್ಯ ಮೊದಲಾದವುಗಳಿಂದ ಅನಿಲವನ್ನು ಮಾಡಿ ಇಪ್ಪತ್ತು ವರುಷಗಳಿಗೂ ಹಿಂದೆಯೇ ತನ್ನ ಪಟ್ಟಣದ ಬಸ್ಸುಗಳನ್ನು ಅದರಿಂದ ಓಡಿಸಿತು. ತುಂಗಭದ್ರೆಯ ನೀರುಂಡ ಸಿರುಗುಪ್ಪ ಸೀಮೆಯು ನೆಲ್ಲಿನ ಕಣಜ, ಅಕ್ಕಿಗಿರಣಿಗಳ ನಾಡು. ಗಿರಣಿಯ ಹೊಟ್ಟಿಗೆ ಈಗಾಗಲೇ ಗಿರಾಕಿಗಳಿದ್ದಾರೆ. ಗಿರಣಿಯ ಒಲೆಗೂ ಇಟ್ಟಿಗೆಯ ಗೂಡಿಗೂ ಅದು ಸಲ್ಲುತ್ತದೆ. ಆದರೆ ಹುಲ್ಲಿನ ಸಂಗತಿ ಬೇರೆ. ಕೊಯ್ಲಿನ ಯಂತ್ರಗಳು ಬಂದಮೇಲೆ ಹೊಲದಲ್ಲಿಯೇ ಚೆಲ್ಲಿ ಉಳಿದ ಹುಲ್ಲಿಗೆ, ಎರಡನೆಯ ಬೆಳೆಯ ಅವಸರದಲ್ಲಿ ಬೆಂಕಿಯಿಡುವ ದುರಭ್ಯಾಸವು ತುಂಗಭದ್ರಾ ಅಚ್ಚುಕಟ್ಟಿನಲ್ಲಿಯೂ ಕಾಣಿಸಿಕೊಂಡಿದೆ. ಹರಿಯಾಣದ ಪಾಣಿಪತದಲ್ಲಿ ನೆಲ್ಲಿನ ಹುಲ್ಲಿನಿಂದ ಎಥನಾಲನ್ನು ಮಾಡುವ ಕಾರ್ಖಾನೆಯು ೨೦೨೨ರಲ್ಲಿ ಆರಂಭವಾಯಿತು. ಹುಲ್ಲು ಸೆಗಣಿಗಳಿಂದ ಮಾಡಿದ ಅನಿಲವನ್ನು ಒತ್ತಿ ಬಂಡಿಗಳಿಗೆ ತುಂಬುವುದಕ್ಕೆ ಕೇಂದ್ರದವರು ೨೦೧೮ರ ಅಕ್ಟೋಬರಿನಲ್ಲಿ ಸತತ್ ಎಂಬ ಯೋಜನೆಯನ್ನೇ ಹಾಕಿದರು. ನೈಸರ್ಗಿಕ ಅನಿಲದಿಂದ ಓಡುವ ಬಸ್ಸು ಈ ಅನಿಲದಿಂದಲೂ ಓಡುತ್ತದೆ.

ಇದರಲ್ಲಿಯೂ ತೊಡಕುಗಳ ಅರಿವಿರಬೇಕು. ನೆಲ್ಲಿನ ಹುಲ್ಲಿನಲ್ಲಿ ಮರಳಿನಂಶವು ಹೆಚ್ಚು, ಬೇಗನೆ ಕೊಳೆಯದು. ಮೊದಲು ಅದನ್ನು ಹದಗೊಳಿಸಬೇಕು. ಅದು ದನಗಳ ಮೇವೂ ಹೌದು. ಬರಗಾಲದಲ್ಲಿ ಬಳ್ಳಾರಿಯ ದನಗಳ ಬಾಯಿಂದ ಹುಲ್ಲನ್ನು ಕಸಿದು ಬಸ್ಸಿಗೆ ಹಾಕುವುದು ಯಾರಿಗೂ ಒಪ್ಪತಕ್ಕದ್ದಲ್ಲ. ಆದುದರಿಂದ ಸುಡುವ ಹುಲ್ಲನ್ನು ಮಾತ್ರ ಕೊಳ್ಳಬೇಕು. ಕೊಳ್ಳುವ ಬೆಲೆಯನ್ನು ಮೊದಲೇ ಗೊತ್ತುಮಾಡಬೇಕು. ಹೊಂಗೆಗೆ ಮಾಡದಿದ್ದುದನ್ನು ಹುಲ್ಲಿಗಾದರೂ ಮಾಡಬೇಕು.

ಅಧಿಕಾರಿಗಳಲ್ಲಿ ಅರಿಕೆ

ಟೀಕಿಸಿ ಸುಮ್ಮನಾಗುವುದು ಪತ್ರಿಕಾಧರ್ಮವಲ್ಲ. ಆದುದರಿಂದ ಕಲ್ಯಾಣ ಕರ್ನಾಟಕ ರಸ್ತೆ ಸಾರಿಗೆ ನಿಗಮದವರ ಮುಂದೆಯೂ ಜಿಲ್ಲೆಯ ಅಧಿಕಾರಿವರ್ಗದವರ ಮುಂದೆಯೂ ನಾಲ್ಕು ಮಾತುಗಳನ್ನು ವಿನಯಪೂರ್ವಕವಾಗಿ ಇಡುತ್ತೇವೆ.

ಮೊದಲನೆಯದಾಗಿ, ಪ್ರತಿರಾತ್ರಿಯೂ ಒಂದೇ ಕೊಟ್ಟಿಗೆಗೆ ಮರಳುವ ಬಂಡಿಗಳಿಂದ ಆರಂಭಿಸಬೇಕು. ಪುರಸಭೆಯ ಮತ್ತು ಗ್ರಾಮ ಪಂಚಾಯಿತಿಯ ಕಸದ ಗಾಡಿಗಳು ದಿನಕ್ಕೆ ಓಡುವ ದಾರಿಯು ಸ್ವಲ್ಪ, ವೇಗವು ಸ್ವಲ್ಪ. ನಮ್ಮ ನಾಡಿನ ಅನೇಕ ಪಂಚಾಯಿತಿಗಳಲ್ಲಿ ತರಬೇತಿ ಹೊಂದಿದ ಹೆಂಗಸರೇ ಸ್ವಚ್ಛವಾಹಿನಿಯ ಚಕ್ರವನ್ನು ಹಿಡಿದಿದ್ದಾರೆ. ವಿದ್ಯುತ್ತಿಗೆ ಮೊದಲು ತಿರುಗತಕ್ಕವು ಇವು. ಇವುಗಳಿಂದ ಮೇಸ್ತ್ರಿಗಳೂ ಕಲಿಯುವರು, ಊರೂ ನಂಬುವುದು.

ಎರಡನೆಯದಾಗಿ, ಬಂಡಿಗಿಂತ ಮೊದಲು ಬಂಕು. ಸಿರುಗುಪ್ಪ, ಕುರುಗೋಡು ಮೊದಲಾದ ತಾಲ್ಲೂಕು ನಿಲ್ದಾಣಗಳಲ್ಲಿ ವಿದ್ಯುತ್ತು ತುಂಬುವ ಏರ್ಪಾಡನ್ನು ಈಗಲೇ ಮಾಡಬೇಕು. ನಿಲ್ದಾಣದ ಮಾಡಿನ ಮೇಲೆ ಸೌರಫಲಕಗಳನ್ನು ಹಾಸಿದರೆ ಬಳ್ಳಾರಿಯ ಬಿಸಿಲಿಗೂ ಒಂದು ಉದ್ಯೋಗವಾದೀತು.

ಮೂರನೆಯದಾಗಿ, ಜನಸಂಖ್ಯೆಯ ಅಳತೆಗೋಲಿನಿಂದ ಹೊರಗುಳಿದ ತಾಲ್ಲೂಕುಗಳಿಗೆ ರಾಜ್ಯವೇ ಪಾಲನ್ನು ಗೊತ್ತುಪಡಿಸಬೇಕು. ನೂರು ಹೊಸ ಬಸ್ಸುಗಳಲ್ಲಿ ಇಷ್ಟು ಹೋಬಳಿಗೆ ಎಂದು ಬರೆದಿಡದಿದ್ದರೆ ಹೋಬಳಿಗೆ ಒಂದೂ ಬಾರದು. ಬಳ್ಳಾರಿಯು ೧೯೫೩ನೆಯ ಅಕ್ಟೋಬರ್ ೧ರಂದು ಕನ್ನಡ ನಾಡನ್ನು ಕೂಡಿದ ಜಿಲ್ಲೆ. ಗಡಿಯ ಹಳ್ಳಿಗಳಿಗೆ ಸರಕಾರದ ಮುಖವು ಕಾಣುವುದು ಬಸ್ಸಿನಲ್ಲಿಯೇ.

ನಾಲ್ಕನೆಯದಾಗಿ, ಕೆಲಸಗಾರರ ವಿಷಯ. ಡೀಸೆಲ್ ಯಂತ್ರವನ್ನು ಬಿಚ್ಚಿ ಜೋಡಿಸುವ ಕೈಗಳಿಗೆ ವಿದ್ಯುತ್ ಬಸ್ಸಿನಲ್ಲಿ ಕೆಲಸವು ಕಡಿಮೆ. ಅವರನ್ನು ಕೈಬಿಡದೆ, ಹೊಸ ವಿದ್ಯೆಯನ್ನು ನಿಗಮದ ಕಾರ್ಖಾನೆಯಲ್ಲಿಯೇ ಕಲಿಸಬೇಕು. ವಿದ್ಯೆಯೆಲ್ಲವೂ ಗುತ್ತಿಗೆಯ ಕಂಪನಿಯಲ್ಲಿ ಉಳಿದು, ನಿಗಮದಲ್ಲಿ ಟಿಕೆಟ್ಟು ಹರಿಯುವವರು ಮಾತ್ರ ಉಳಿದರೆ, ಗುತ್ತಿಗೆಯು ತೀರಿದ ದಿನ ಬಸ್ಸೂ ಇಲ್ಲ, ಬಲ್ಲವರೂ ಇಲ್ಲ ಎಂದಾಗುವುದು. ಇದ್ದಿಲು ಬಸ್ಸಿನ ಕಾಲದಲ್ಲಿ ಆದುದು ಇದೇ ಅಲ್ಲವೇ?

ಇಂಧನವು ಹೊಂಗೆಯದಿರಲಿ, ಹುಲ್ಲಿನದಿರಲಿ, ಬಿಸಿಲಿನದಿರಲಿ, ಬಸ್ಸು ಊರ ಕಡೆಯ ಮನೆಯವರೆಗೆ ಬರಬೇಕು. ವಿಧಾನಸೌಧದ ಮುಂದೆ ಹಸುರು ನಿಶಾನೆ ತೋರಿಸಿದ ಬಸ್ಸುಗಳ ಸಂಖ್ಯೆಯನ್ನು ನಾವು ಓದಿ ಸಂತೋಷಪಟ್ಟಿದ್ದೇವೆ. ಹೊಗೆಯಿಲ್ಲದ ಬಸ್ಸೊಂದು ಸಿರುಗುಪ್ಪದಿಂದ ಹೊರಟು ಹೊತ್ತಿಗೆ ಸರಿಯಾಗಿ ಹಚ್ಚೊಳ್ಳಿಯಲ್ಲಿ ನಿಂತಿತೆಂಬ ಚಿಕ್ಕ ವರ್ತಮಾನವನ್ನು ಅಚ್ಚು ಹಾಕುವ ದಿನಕ್ಕಾಗಿ ಈ ಪತ್ರಿಕೆಯು ಕಾದಿರುತ್ತದೆ.